ಎಫೆಸಸ್‌ನಿಂದ ಕಾಲ್ಸೆಡಾನ್‌ವರೆಗೆ

ಕೇಳುಗರೆ, ನಮಸ್ಕಾರ.

ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು, ಮಗ ತಂದೆಗಿಂತ ಕೆಳಗಿನವನು ಎಂಬ ಆರಿಯಸ್‌ನ ವಾದವನ್ನು ತಳ್ಳಿಹಾಕಿ, ಮಗನಾದ ಯೇಸುಕ್ರಿಸ್ತನೂ ತಂದೆಯಷ್ಟೇ ದೇವರು ಎಂದು ಸಾರಿದರು. ತೊಡಕು ಹೆಚ್ಚಿದ್ದು ಆಮೇಲೆಯೇ. ದೇವರೇ ಆದವನಿಗೆ ಹಸಿವಾದದ್ದು ಹೇಗೆ? ಗೆಳೆಯ ಲಾಜರನ ಗೋರಿಯ ಮುಂದೆ ಅತ್ತವನು ಯಾರು? ಶಿಲುಬೆಯ ಮೇಲೆ ಪ್ರಾಣ ಬಿಟ್ಟವನು ಯಾರು?

428ರಲ್ಲಿ ನೆಸ್ಟೋರಿಯಸ್ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ಪನಾದ. ಅಂತಿಯೋಕ್ಯದ ಕಡೆಯವನು, ಒಳ್ಳೆಯ ಮಾತುಗಾರ, ಆದರೆ ಮಾತಿಗೆ ಲಗಾಮಿರಲಿಲ್ಲ. ಮರಿಯಮ್ಮನನ್ನು ಜನ ‘ದೇವಮಾತೆ’ ಎಂದು ಕರೆಯುತ್ತಿದ್ದರು. ‘ಕ್ರಿಸ್ತಮಾತೆ’ ಎಂದರೆ ಸಾಕು ಎಂದ. ದೇವರಿಗೆ ಹುಟ್ಟುಸಾವನ್ನು ಅಂಟಿಸಿದಂತಾದೀತೆಂಬುದು ಅವನ ಅಂಜಿಕೆ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಕೆರಳಿದ. ತಾಯಿ ಹೆರುವುದು ಬರೀ ಮೈಯನ್ನಲ್ಲ, ಇಡೀ ವ್ಯಕ್ತಿಯನ್ನು. ಶಿಲುಬೆಯಲ್ಲಿ ನೊಂದವನು ದೇವರೇ ಅಲ್ಲದಿದ್ದರೆ ನಮ್ಮ ಬಿಡುಗಡೆಯ ಗತಿಯೇನು? ಇದು ಸಿರಿಲ್‌ನ ಪ್ರಶ್ನೆ. ಇದನ್ನು ಕೂದಲು ಸೀಳುವ ಚರ್ಚೆ ಎಂದು ನಕ್ಕುಬಿಡುವುದು ಸುಲಭ. ಆದರೆ ಇಬ್ಬರ ಅಂಜಿಕೆಯೂ ಸುಳ್ಳಲ್ಲ.

431ರ ಜೂನ್‌ನಲ್ಲಿ ಎಫೆಸಸ್‌ನಲ್ಲಿ ಮಹಾಸಭೆ. ಅಂತಿಯೋಕ್ಯದ ಬಿಷಪ್ ಯೋಹಾನ ಇನ್ನೂ ದಾರಿಯಲ್ಲಿದ್ದ. ಸಿರಿಲ್ ಕಾಯಲಿಲ್ಲ, ಜೂನ್ 22ರಂದು ಒಂದೇ ದಿನದಲ್ಲಿ ನೆಸ್ಟೋರಿಯಸ್‌ನ ಪದವಿ ಕಿತ್ತು ಹಾಕಿಸಿದ. ಎರಡು ಮೂರು ತಿಂಗಳ ಕೂಸನ್ನು ದೇವರೆನ್ನಲಾರೆ ಎಂದು ನೆಸ್ಟೋರಿಯಸ್ ಅಂದದ್ದನ್ನು ಕಿವಿಯಾರೆ ಕೇಳಿದ್ದೇವೆ ಎಂದು ಸಾಕ್ಷಿಗಳು ನುಡಿದರು. ಬೆಳಗಿನಿಂದ ಸಂಜೆಯವರೆಗೆ ಊರ ಜನ ಹೊರಗೆ ಕಾದಿದ್ದರು. ತೀರ್ಪು ಬಂದದ್ದೇ ತಡ, ಪಂಜು ಹಿಡಿದು ಬಿಷಪ್ಪರನ್ನು ಬಿಡಾರಕ್ಕೆ ಕರೆದೊಯ್ದರು; ಹೆಂಗಸರು ಧೂಪ ಹಿಡಿದು ಮುಂದೆ ನಡೆದರು. ಸಿರಿಲ್‌ನೇ ಊರಿಗೆ ಬರೆದ ಓಲೆಯಲ್ಲಿ ಇದೆಲ್ಲ ಇದೆ. ಆಮೇಲೆ ಅವನ ಕಡೆಯಿಂದ ಅರಮನೆಯ ಅಧಿಕಾರಿಗಳಿಗೆ ಜಮಖಾನೆ, ದಂತದ ಕುರ್ಚಿಗಳು ಕಾಣಿಕೆಯಾಗಿ ಹೋದದ್ದರ ಪಟ್ಟಿಯೂ ಉಳಿದಿದೆ!

449ರಲ್ಲಿ ಅದೇ ಊರಿನಲ್ಲಿ, ಅದೇ ವಾದದ ಮೇಲೆ ಇನ್ನೊಂದು ಸಭೆ. ಈ ಸಲ ಸಿರಿಲ್‌ನ ಉತ್ತರಾಧಿಕಾರಿ ಡಯೊಸ್ಕೊರಸ್‌ನದೇ ದರ್ಬಾರು. ಸೈನಿಕರು ನುಗ್ಗಿದರು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದು ಕೆಲವು ಬಿಷಪ್ಪರು ಆಮೇಲೆ ದೂರಿದರು. ರೋಮಿನ ಪೋಪ್ ಲಿಯೋ ಇದನ್ನು ದರೋಡೆಕೋರರ ಸಭೆ ಎಂದೇ ಕರೆದ. ಮರುವರ್ಷ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಕುದುರೆಯಿಂದ ಬಿದ್ದು ಸತ್ತ, ಗಾಳಿ ತಿರುಗಿತು. ಸಿಂಹಾಸನವೇರಿದ ಮಾರ್ಸಿಯನ್ 451ರಲ್ಲಿ ಕಾಲ್ಸೆಡಾನ್‌ನಲ್ಲಿ ಸಭೆ ಕರೆದ.

ಅಲ್ಲಿ ಹೊರಟ ಸೂತ್ರ ಇದು: ಕ್ರಿಸ್ತ ಒಬ್ಬನೇ, ದೈವ ಮತ್ತು ಮಾನವ ಎಂಬ ಎರಡು ಸ್ವಭಾವಗಳಲ್ಲಿ, ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ವಿಭಾಗವಿಲ್ಲದೆ, ಅಗಲಿಕೆಯಿಲ್ಲದೆ. ನಾಲ್ಕೂ ‘ಇಲ್ಲ’ಗಳೇ. ಹೇಗೆ ಕೂಡಿವೆ ಎಂದು ಹೇಳುವ ಗೋಜಿಗೆ ಸಭೆ ಹೋಗಲಿಲ್ಲ. ನನಗೆ ಅದರ ಜಾಣತನವೂ ಪ್ರಾಮಾಣಿಕತೆಯೂ ಅಲ್ಲೇ ಕಾಣುತ್ತದೆ. ‘ಎರಡು ಸ್ವಭಾವಗಳಿಂದ’ ಎಂದಿದ್ದರೆ ಡಯೊಸ್ಕೊರಸ್ ಒಪ್ಪುತ್ತಿದ್ದ. ‘ಎರಡರಲ್ಲಿ’ ಎಂದರೆ ಒಡೆದಂತೆ ಎಂಬುದು ಅವನ ಕಡೆಯವರ ಹಟ. ಅವನ ಪದವಿ ಹೋಯಿತು. ಈಜಿಪ್ಟಿನ ಹದಿಮೂರು ಬಿಷಪ್ಪರು ಸಭೆಯಲ್ಲೇ ಗೋಗರೆದರು: ನಮ್ಮ ಹಿರಿಯನಿಲ್ಲದೆ ಸಹಿ ಹಾಕಿದರೆ ಊರಲ್ಲಿ ನಮ್ಮನ್ನು ಕೊಂದುಹಾಕುತ್ತಾರೆ. ಅವರು ಉತ್ಪ್ರೇಕ್ಷೆ ಮಾಡಿರಲಿಲ್ಲ. ಡಯೊಸ್ಕೊರಸ್‌ನ ಜಾಗಕ್ಕೆ ಬಂದ, ಕಾಲ್ಸೆಡಾನ್ ಪರವಾದ ಬಿಷಪ್ ಪ್ರೊಟೇರಿಯಸ್‌ನನ್ನು 457ರಲ್ಲಿ ಅಲೆಕ್ಸಾಂಡ್ರಿಯದ ಗುಂಪು ಕೊಂದಿತು. ಈಜಿಪ್ಟಿನ ಕ್ರೈಸ್ತರಾದ ಕಾಪ್ಟರು, ಸಿರಿಯಾದ ಬಹುಮಂದಿ, ಕಾಲಕ್ರಮದಲ್ಲಿ ಅರ್ಮೇನಿಯನ್ನರು ಬೇರೆಯಾದರು.

ಆ ಬಿರುಕಿನ ಒಂದು ಎಳೆ ನಮ್ಮ ಉಡುಪಿ ಜಿಲ್ಲೆಗೂ ಬಂದಿದೆ. ಬ್ರಹ್ಮಾವರದ ಕೊಂಕಣಿ ಕ್ರೈಸ್ತರಲ್ಲಿ ಒಂದು ಪಂಗಡ, ಹತ್ತೊಂಬತ್ತನೇ ಶತಮಾನದ ಕೊನೆಗೆ ರೋಮಿನಿಂದ ಬೇರೆಯಾಗಿ, ಕಾಲ್ಸೆಡಾನ್ ಒಪ್ಪದ ಸಿರಿಯನ್ ಪರಂಪರೆಯನ್ನು ಸೇರಿತು. ಸ್ವಾರಸ್ಯವೆಂದರೆ ಆ ಜಗಳಕ್ಕೂ ಕ್ರಿಸ್ತನ ಸ್ವಭಾವಕ್ಕೂ ಸಂಬಂಧವೇ ಇರಲಿಲ್ಲ. ಅದು ಚರ್ಚುಗಳು ಗೋವಾದ ಆರ್ಚ್‌ಬಿಷಪ್ಪನ ಕೈಕೆಳಗಿರಬೇಕೆ ಬೇಡವೆ ಎಂಬ ಅಧಿಕಾರದ ಪ್ರಶ್ನೆ. ಮೂಲದ ವಾದದ ವಿಷಯದಲ್ಲಾದರೆ, 1973ರಲ್ಲಿ ಆರನೇ ಪೋಪ್ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೇ ಶೆನೂಡಾ ರೋಮಿನಲ್ಲಿ ಒಟ್ಟಿಗೆ ಸಹಿ ಹಾಕಿದರು: ಕ್ರಿಸ್ತ ಪರಿಪೂರ್ಣ ದೇವರು, ಪರಿಪೂರ್ಣ ಮನುಷ್ಯ. ‘ಇಂದ’, ‘ಅಲ್ಲಿ’ಗಳ ಗೊಡವೆಗೆ ಇಬ್ಬರೂ ಹೋಗಲಿಲ್ಲ.

ನಮಸ್ಕಾರ.