‘ಆಮೇಲೆ, ಆಮೇಲೆ, ಆಮೇಲೆ…’: ಮಕ್ಕಳ ಕಥೆಗೆ ಕ್ರಮ ತರೋದು ಹೇಗೆ?

ನಮಸ್ಕಾರ. ಮೂರನೇ, ನಾಲ್ಕನೇ ತರಗತಿ ಮಕ್ಕಳ ನೋಟ್‌ಬುಕ್ ತೆಗೆದರೆ ಕಥೆ ಸಾಮಾನ್ಯವಾಗಿ ಹೀಗಿರುತ್ತೆ, ಕೇಳಿ:

“ರವಿ ಎದ್ದ. ಆಮೇಲೆ ಮುಖ ತೊಳೆದ. ಆಮೇಲೆ ರೊಟ್ಟಿ ತಿಂದ. ಆಮೇಲೆ ಅಜ್ಜನ ಜೊತೆ ಸಂತೆಗೆ ಹೋದ. ಆಮೇಲೆ ಕುರಿಮರಿ ಕಳೆದುಹೋಯಿತು. ಆಮೇಲೆ ಸಿಕ್ಕಿತು.”

ಇದನ್ನ ನೋಡಿದ ಕೂಡಲೇ ಎಷ್ಟೋ ತರಗತಿಗಳಲ್ಲಿ ಗೋಡೆಗೆ ಒಂದು ಚಾರ್ಟ್ ಏರುತ್ತೆ: ಆಮೇಲೆ, ನಂತರ, ಬಳಿಕ, ತರುವಾಯ, ತದನಂತರ. ಮಗು ಹೇಳಿದ ಮಾತು ಕೇಳಿ ಒಂದೊಂದು ವಾಕ್ಯಕ್ಕೆ ಒಂದೊಂದು ಪದ ಹಾಕುತ್ತೆ. ಕಥೆ ಮಾತ್ರ ಇದ್ದಲ್ಲೇ ಇರುತ್ತೆ. ಯಾಕಂದ್ರೆ ಆ ಐದೂ ಪದಗಳು ಹೇಳೋದು ಒಂದೇ ಮಾತನ್ನ. ಮಗುವಿಗೆ ಬೇಕಾಗಿರೋದು ಇನ್ನೊಂದು ಪದ ಅಲ್ಲ. ಈ ಎರಡು ಘಟನೆಗಳ ನಡುವಿನ ಸಂಬಂಧ ಎಂಥದ್ದು ಅಂತ ಕೇಳಿಕೊಳ್ಳೋ ಅಭ್ಯಾಸ ಬೇಕು.

ಅದು ಬರವಣಿಗೆಯಿಂದ ಶುರುವಾಗಲ್ಲ, ಮಾತಿನಿಂದ ಶುರುವಾಗುತ್ತೆ. ಪೋಸ್ಟ್‌ಕಾರ್ಡ್ ಅಳತೆಯ ನಾಲ್ಕು ಚಿತ್ರಗಳನ್ನ ಕಲಸಿ ಇಬ್ಬಿಬ್ಬರು ಮಕ್ಕಳ ಮುಂದೆ ಇಡಿ. ಜೋಡಿಸಲಿ, ಬಾಯಲ್ಲಿ ಕಥೆ ಹೇಳಲಿ. ಚಿತ್ರ ಆರಿಸುವಾಗ ಒಂದು ಎಚ್ಚರಿಕೆ: ಯಾವುದು ಮೊದಲು ಅನ್ನೋದಕ್ಕೆ ಚಿತ್ರದೊಳಗೇ ಸಾಕ್ಷಿ ಇರಬೇಕು. ಖಾಲಿ ಕೊಡ, ತುಂಬಿದ ಕೊಡ, ಜಾರಿದ ಕಾಲು, ಒಡೆದ ಕೊಡ. ಇದರಲ್ಲಿ ಕ್ರಮ ಒಂದೇ. ಆಟ ಆಡೋದು, ಓದೋದು, ಹಾಲು ಕುಡಿಯೋದು ಅಂತ ಚಿತ್ರ ಕೊಟ್ಟರೆ ಹೇಗೆ ಜೋಡಿಸಿದರೂ ಸರಿಯೇ, ಹಾಗಾಗಿ ಮಗು ಯೋಚನೆ ಮಾಡೋ ಅಗತ್ಯವೇ ಬೀಳಲ್ಲ.

ಮೊದಲು, ಆಮೇಲೆ, ಕೊನೆಗೆ. ಈ ಮೂರನ್ನ ಕಲಿಸೋಕೆ ನಿಂಬೆ ಶರಬತ್ತು ಮಾಡಿಸಿದರೆ ಸಾಕು. ಹಣ್ಣು ಹಿಂಡೋದು, ಸಕ್ಕರೆ ಕದಡೋದು, ಸೋಸೋದು. ಅರ್ಧ ಗಂಟೆ ಕೆಲಸ, ಅಲ್ಲಿಗೆ ಮುಗಿಸಿ. ಅದನ್ನೇ ಕಥೆಗೂ ಎಳೆದು ತಂದರೆ ಕಥೆ ಅಡುಗೆ ವಿಧಾನದ ಥರ ಓದಿಸಿಕೊಳ್ಳುತ್ತೆ. “ಮೊದಲನೆಯದಾಗಿ, ಎರಡನೆಯದಾಗಿ” ಅನ್ನೋವು ಭಾಷಣಕ್ಕೆ, ಪ್ರಬಂಧಕ್ಕೆ ಸರಿ. ಕಥೆಯೊಳಗೆ ಕಂಡರೆ ಯಾಕೆ ಹೊಂದಲ್ಲ ಅಂತ ಮಗುವಿಗೇ ಗಟ್ಟಿಯಾಗಿ ಓದೋಕೆ ಹೇಳಿ, ಕಿವಿಗೆ ಗೊತ್ತಾಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಕ್ರಮದ ಬಹುಪಾಲು ಭಾರ ಹೊರೋದು ಬಿಡಿ ಪದಗಳಲ್ಲ, ಕ್ರಿಯಾಪದದ ರೂಪಗಳು. ರವಿಯ ಬೆಳಗನ್ನ ಹೀಗೆ ಬರೆಯಬಹುದು: “ರವಿ ಎದ್ದು, ಮುಖ ತೊಳೆದು, ರೊಟ್ಟಿ ತಿಂದು ಅಜ್ಜನ ಜೊತೆ ಸಂತೆಗೆ ಹೋದ.” ನಾಲ್ಕು ವಾಕ್ಯ ಒಂದಾಯ್ತು, ಒಂದು ‘ಆಮೇಲೆ’ಯೂ ಬೇಕಾಗಲಿಲ್ಲ. ಮನೆಯಲ್ಲಿ ಮಗು ಮಾತಾಡೋದೇ ಹೀಗೆ. ಬರೆಯುವಾಗ ಮಾತ್ರ ತುಂಡು ತುಂಡು ಮಾಡುತ್ತೆ, ಯಾಕಂದ್ರೆ ‘ಒಂದು ಕೆಲಸ, ಒಂದು ವಾಕ್ಯ, ಒಂದು ಪೂರ್ಣವಿರಾಮ’ ಅಂತ ಅದಕ್ಕೆ ಮೊದಲ ವರ್ಷಗಳಲ್ಲಿ ರೂಢಿ ಆಗಿರುತ್ತೆ.

ಅಭ್ಯಾಸ ಹೀಗೆ ಮಾಡಿಸಿ: ಎರಡು ಚೀಟಿಯಲ್ಲಿ ಎರಡು ವಾಕ್ಯ. ಮೊದಲನೆಯದರ ಬಾಲ ಬದಲಿಸಿ ಎರಡನೆಯದಕ್ಕೆ ಅಂಟಿಸಬೇಕು. ಎದ್ದ ಅನ್ನೋದು ಎದ್ದು, ತಿಂದ ಅನ್ನೋದು ತಿಂದು, ಓಡಿದ ಅನ್ನೋದು ಓಡಿ. ಒಂದು ವಾಕ್ಯದಲ್ಲಿ ಇಂಥವು ಮೂರಕ್ಕಿಂತ ಹೆಚ್ಚು ಬೇಡ, ಓದುವವರಿಗೆ ಉಸಿರು ಸಾಲಲ್ಲ.

ಇಲ್ಲೇ ಒಂದು ದೊಡ್ಡ ತಪ್ಪು ನುಸುಳುತ್ತೆ. “ರವಿ ಸಂತೆಗೆ ಹೋಗಿ ಕುರಿಮರಿ ಕಳೆದುಹೋಯಿತು.” ಓದಿದರೆ ಎಡವಿದ ಹಾಗಾಗುತ್ತೆ ಅಲ್ವಾ? ಹೋದವನು ರವಿ, ಕಳೆದುಹೋದದ್ದು ಕುರಿಮರಿ. ಕೆಲಸ ಮಾಡೋರು ಬೇರೆ ಬೇರೆ ಆದಾಗ ಸಾಮಾನ್ಯವಾಗಿ ಹೀಗೆ ಅಂಟಿಸೋಕಾಗಲ್ಲ. “ಮಳೆ ಬಂದು ಬೆಳೆ ಹಾಳಾಯಿತು” ಅಂತೀವಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಅಲ್ಲಿ ಮೊದಲನೆಯದೇ ಎರಡನೆಯದಕ್ಕೆ ಕಾರಣ, ಅದಕ್ಕೇ ನಡೆಯುತ್ತೆ. ರವಿ ಸಂತೆಗೆ ಹೋಗಿದ್ದೇ ಮರಿ ಕಳೆಯೋಕೆ ಕಾರಣ ಅಲ್ಲ. ಸರಿ ಮಾಡೋದು ಹೇಗೆ? “ರವಿ ಬೆಲ್ಲ ಕೊಳ್ಳುವಷ್ಟರಲ್ಲಿ ಕುರಿಮರಿ ಕಾಣೆಯಾಗಿತ್ತು.” ಕಥೆ ಹುಟ್ಟಿದ್ದು ಇಲ್ಲಿ ನೋಡಿ. ಒಂದು ‘ಅಷ್ಟರಲ್ಲಿ’ ಬಂದ ಕೂಡಲೇ ಎರಡು ಕಡೆ ಒಟ್ಟಿಗೆ ಏನೋ ನಡೀತಿದೆ ಅಂತ ಓದುಗನಿಗೆ ಹೊಳೆಯುತ್ತೆ.

ಹಾಗಾಗಿ ಗೋಡೆಯ ಚಾರ್ಟ್ ಬೇಕೇ ಬೇಕು ಅನ್ನೋರು ಪದಗಳನ್ನ ಅವು ಮಾಡೋ ಕೆಲಸದ ಪ್ರಕಾರ ವಿಂಗಡಿಸಿ. ಮುಂದೆ ನಡೆದದ್ದಕ್ಕೆ ಆಮೇಲೆ, ಸ್ವಲ್ಪ ಹೊತ್ತಿಗೆ, ಮರುದಿನ. ಒಟ್ಟಿಗೆ ನಡೆದದ್ದಕ್ಕೆ ಅಷ್ಟರಲ್ಲಿ, ಅದೇ ಹೊತ್ತಿಗೆ. ಹಿಂದೆ ನಡೆದದ್ದಕ್ಕೆ ಅದಕ್ಕೂ ಮುಂಚೆ, ಹಿಂದಿನ ರಾತ್ರಿ. ಬೇಗ ಅಥವಾ ಅನಿರೀಕ್ಷಿತವಾಗಿ ನಡೆದದ್ದಕ್ಕೆ ತಕ್ಷಣ, ಕೂಡಲೇ, ಇದ್ದಕ್ಕಿದ್ದಂತೆ. ಮುಕ್ತಾಯಕ್ಕೆ ಕೊನೆಗೆ, ಅಂತೂ.

ಒಂದೇ ಗುಂಪಿನೊಳಗೂ ವ್ಯತ್ಯಾಸ ಇದೆ, ಅದನ್ನ ಬಿಡಿಸಿ ಹೇಳೋದು ನಮಗೆ ತುಂಬಾ ಮುಖ್ಯ ಅನ್ಸುತ್ತೆ. ‘ತಕ್ಷಣ’ ಅನ್ನೋಕೆ ಹಿಂದೆ ಒಂದು ಘಟನೆ ಇರಲೇಬೇಕು: ಮರಿಯ ಕೂಗು ಕೇಳಿತು, ತಕ್ಷಣ ರವಿ ತಿರುಗಿದ. ‘ಇದ್ದಕ್ಕಿದ್ದಂತೆ’ಗೆ ಅಂಥ ಕಾರಣ ಮೊದಲೇ ಕಾಣಬಾರದು. ‘ಕೊನೆಗೆ’ ಎಲ್ಲಿ ಬೇಕಾದರೂ ಬರುತ್ತೆ, ಆದರೆ ‘ಅಂತೂ’ ಬರಬೇಕಾದರೆ ಅದರ ಹಿಂದೆ ಹುಡುಕಾಟವೋ ಕಾಯುವಿಕೆಯೋ ಇರಬೇಕು. ಒಂದೇ ಸಾಲು ಹುಡುಕಿ “ಅಂತೂ ಮರಿ ಸಿಕ್ಕಿತು” ಅಂದರೆ ಯಾರೂ ನಂಬಲ್ಲ. ರವಿ ಎಲ್ಲೆಲ್ಲಿ ಹುಡುಕಿದ ಅಂತ ಕೇಳಿ. ತರಕಾರಿ ಸಾಲು, ಬಳೆ ಅಂಗಡಿ, ಎತ್ತಿನ ಗಾಡಿ ಕೆಳಗೆ... ಕಥೆಯ ನಡುಭಾಗ ತಾನಾಗಿ ತುಂಬಿಕೊಳ್ಳುತ್ತೆ.

ಕಣ್ತಪ್ಪಿ ಹೋಗೋ ಇನ್ನೆರಡು ದೋಷ. ಒಂದು, “ನಾಳೆ ರವಿ ಶಾಲೆಗೆ ಹೋದ.” ನಡೆದ ಕಥೆಯಲ್ಲಿ ನಾಳೆ ಅನ್ನೋದು ಮರುದಿನ ಆಗಬೇಕು, ನಿನ್ನೆ ಅನ್ನೋದು ಹಿಂದಿನ ದಿನ ಆಗಬೇಕು. ಪಾತ್ರ ಮಾತಾಡುವಾಗ ಉದ್ಧರಣ ಚಿಹ್ನೆಯೊಳಗೆ ಮಾತ್ರ ‘ನಾಳೆ’ ಉಳಿಯುತ್ತೆ. ಎರಡು, “ಬಂದ ಮುನ್ನ”. ಕೂಡಲೇ, ಮೇಲೆ, ಬಳಿಕ ಇವುಗಳ ಹಿಂದೆ ‘ಬಂದ’. ಮುನ್ನ, ಮೊದಲು ಇವುಗಳ ಹಿಂದೆ ‘ಬರುವ’. ಕಥೆ ಪೂರ್ತಿ ಹಿಂದೆ ನಡೆದದ್ದಾದರೂ ಇದು ಬದಲಾಗಲ್ಲ, ಮಕ್ಕಳಿಗೆ ಗೊಂದಲ ಆಗೋದು ಅದಕ್ಕೇ.

ದಕ್ಷಿಣ ಕನ್ನಡದ ಮಕ್ಕಳು ‘ಆಮೇಲೆ’ ಅನ್ನೋ ಕಡೆ ‘ಮತ್ತೆ’ ಬರೀತಾರೆ. ಅದು ಅವರ ಮನೆಮಾತು, ತಪ್ಪು ಅಂತ ಗೀಟು ಹಾಕಬೇಡಿ. ಬೇರೆ ಊರಿನ ಓದುಗ ‘ಇನ್ನೊಮ್ಮೆ’ ಅಂತ ಅರ್ಥ ಮಾಡ್ಕೋಬಹುದು ಅಂತ ಹೇಳಿ, ಪಾತ್ರಗಳ ಮಾತಿನಲ್ಲಿ ಹಾಗೇ ಇರಲಿ.

ಪದ ನಿಜವಾಗಿ ಬೇಕಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಆರು ವಾಕ್ಯದ ಕಥೆಯನ್ನ ಆರು ಪಟ್ಟಿಗಳಾಗಿ ಕತ್ತರಿಸಿ, ಕ್ರಮದ ಪದಗಳನ್ನ ಅಳಿಸಿ, ಜೋಡಿಸೋಕೆ ಕೊಡಿ. ಪದ ಇಲ್ಲದೆಯೂ ಸಲೀಸಾಗಿ ಕೂತ ಕಡೆ ಅದರ ಅಗತ್ಯ ಇರಲಿಲ್ಲ. ಇಬ್ಬರು ಮಕ್ಕಳು ಜಗಳ ಆಡಿದ ಕಡೆ ಅದು ಬೇಕು, ಯಾವ ಪದ ಅಂತ ಅವರೇ ಚರ್ಚೆ ಮಾಡಲಿ. ತಾನು ಬರೆದ ಕಥೆಗೆ ಇದನ್ನೇ ಮಾಡೋದು ಇನ್ನೂ ಸುಲಭ: ಪದವನ್ನ ಬೆರಳಿನಿಂದ ಮುಚ್ಚಿ ಓದಿ ನೋಡೋದು.

ತಿದ್ದುವಾಗ ಕ್ರಮದ ಪದಕ್ಕೊಂದು ಅಂಕ ಅಂತ ಲೆಕ್ಕ ಹಾಕಬೇಡಿ. ಹಾಕಿದರೆ ಮುಂದಿನ ವಾರ ಪ್ರತಿ ವಾಕ್ಯವೂ ‘ತದನಂತರ’ದಿಂದ ಶುರುವಾಗುತ್ತೆ. ಒಂದು ಕಥೆಯಲ್ಲಿ ಎರಡೇ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಪಕ್ಕದಲ್ಲಿ ಪ್ರಶ್ನೆ ಬರೆಯಿರಿ: “ಆಗ ಅಜ್ಜ ಏನು ಮಾಡ್ತಿದ್ದ?” ಉತ್ತರ ಬರೆಯೋಕೆ ಮಗು ‘ಅಷ್ಟರಲ್ಲಿ’ಯನ್ನೋ ‘ಅದೇ ಹೊತ್ತಿಗೆ’ಯನ್ನೋ ತಾನೇ ಹುಡುಕಿಕೊಳ್ಳಬೇಕಾಗುತ್ತೆ.