ಉಡುಪಿ–ಆಗುಂಬೆ–ಉಡುಪಿ: ಗ್ರೂಪ್ ಸೈಕಲ್ ರೈಡಿನಲ್ಲಿ ಕೊನೆಯವನ ಪಾಡು

ನಮಸ್ಕಾರ. ಕತ್ತಲಲ್ಲಿ ಏನೂ ಕಾಣುತ್ತಿಲ್ಲ ಅಂತ ವಿಡಿಯೊ ಮುಂದಕ್ಕೆ ಓಡಿಸಬೇಡಿ. ಮಣಿಪಾಲದ ಏರು ಮುಗಿಯುವಷ್ಟರಲ್ಲಿ ಬೆಳಕಾಗುತ್ತದೆ. ಆ ಮಿನುಗುವ ಕೆಂಪು ಲೈಟುಗಳೆಲ್ಲ ನಮ್ಮ ಗ್ರೂಪಿನವರದು. ಈಗಲೇ ಸರಿಯಾಗಿ ನೋಡಿಕೊಳ್ಳಿ, ಆಮೇಲೆ ಅವರು ಫ್ರೇಮಿನಲ್ಲಿ ಸಿಗುವುದು ಕಡಿಮೆ.

ಒಂದು ಕಡೆಗೆ ಸುಮಾರು 55 ಕಿ.ಮೀ. ‘ಘಾಟಿ ಒಂದೇ ಏರು, ಉಳಿದದ್ದೆಲ್ಲ ಸಪಾಟು’ ಅಂತ ಹಿಂದಿನ ದಿನ ಮೆಸೇಜ್ ಬಂದಿತ್ತು. ಅದನ್ನು ಹಾಕಿದವರು ಈ ದಾರಿಯಲ್ಲಿ ಕಾರಿನಲ್ಲೇ ಓಡಾಡಿರಬೇಕು. ಪರ್ಕಳಕ್ಕೆ ಇಳಿ, ಮತ್ತೆ ಹತ್ತು, ಮತ್ತೆ ಇಳಿ. ಹಿರಿಯಡ್ಕ ದಾಟಿದರೂ ಅದೇ ಕತೆ. ನಮ್ಮ ಕಡೆ ಸಪಾಟು ರಸ್ತೆ ಬೇಕು ಅಂದರೆ ಸಮುದ್ರದ ಬದಿಗೇ ಹೋಗಬೇಕು ಮಾರಾಯ್ರೆ.

ಇದು ಪೆರ್ಡೂರು. ಇಲ್ಲಿನ ಅನಂತಪದ್ಮನಾಭನಿಗೆ ಬಾಳೆಹಣ್ಣು ಅಂದರೆ ಪ್ರೀತಿ, ಜನ ಬಾಳೆಹಣ್ಣಿನ ಹರಕೆ ಹೇಳಿಕೊಳ್ಳುತ್ತಾರೆ. ಸೈಕಲ್ ತುಳಿಯುವವರಿಗೆ ಇದಕ್ಕಿಂತ ಹತ್ತಿರದ ದೇವರು ಯಾರಿದ್ದಾರೆ? ನನ್ನ ಜೇಬಿನಲ್ಲೂ ಎರಡು ಬಾಳೆಹಣ್ಣು ಇವೆ. ಪಕ್ಕದಲ್ಲಿ ಹೋಗುತ್ತಿರುವವರು ಎನರ್ಜಿ ಜೆಲ್ ತಂದಿದ್ದಾರೆ. ಬೆರಳುದ್ದದ ಪ್ಯಾಕೆಟ್ಟಿಗೆ ನೂರು ರೂಪಾಯಿ ಮೇಲೆ. ಒಳಗಿರುವುದು ಸಕ್ಕರೆ, ಒಂಚೂರು ಉಪ್ಪು. ಶುದ್ಧ ದಂಡ. ಅಷ್ಟು ದುಡ್ಡಿಗೆ ಬನ್ಸ್, ಚಾ ಎರಡೂ ಆಗುತ್ತದೆ.

ಬನ್ಸ್ ಅಂದಮೇಲೆ, ಹೆಬ್ರಿ ಬಂತು. ತಿಂದೆವು. ಅದನ್ನೆಲ್ಲ ತೋರಿಸುವುದಿಲ್ಲ.

ಸೋಮೇಶ್ವರ. ಮರಗಳು ರಸ್ತೆ ಮೇಲೆ ಬಾಗಿವೆ, ಸೆಖೆ ಇನ್ನೂ ಬಿಟ್ಟಿಲ್ಲ. ಘಾಟಿ ಇಲ್ಲಿಂದ ಶುರು. ಸುಮಾರು 10 ಕಿ.ಮೀ. ಉದ್ದ, 14 ಹೇರ್‌ಪಿನ್ ತಿರುವುಗಳು. ತುದಿಯಲ್ಲಿ ಆಗುಂಬೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ಭಾರೀ ಲಾರಿಗಳಿಗೆ ಇಲ್ಲಿ ಪ್ರವೇಶ ಇಲ್ಲ, ಬಸ್ಸುಗಳೂ ಮಿನಿ ಬಸ್ಸುಗಳೇ. ಸೈಕಲ್ಲಿನವರಿಗೆ ಇದು ದೊಡ್ಡ ಉಪಕಾರ.

ಈಗ ನನ್ನ ತಕರಾರು. ಮುಂದಿನ ಐದಾರು ತಿರುವುಗಳಲ್ಲಿ ನೋಡಲು ಕಾಡು, ನನ್ನ ಮೊಣಕಾಲು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಪೂರ್ತಿ ಹೇಳುತ್ತೇನೆ.

ನಮ್ಮದು ‘ನೋ ಡ್ರಾಪ್’ ರೈಡ್. ಯಾರನ್ನೂ ಹಿಂದೆ ಬಿಟ್ಟು ಹೋಗುವುದಿಲ್ಲ ಅಂತ. ಕೇಳುವುದಕ್ಕೆ ಎಷ್ಟು ಚೆಂದ ಅಲ್ವಾ? ನಡೆಯುವುದು ಹೀಗೆ. ಗಟ್ಟಿಗರು ಮೇಲೆ ಹೋಗಿ ಒಂದು ತಿರುವಿನಲ್ಲಿ ನಿಲ್ಲುತ್ತಾರೆ. ನೀರು ಕುಡಿಯುತ್ತಾರೆ. ಚಿಕ್ಕಿ ತಿನ್ನುತ್ತಾರೆ. ಸೆಲ್ಫಿ ತೆಗೆದು, ಸ್ಟೇಟಸ್ ಹಾಕಿ, ಅದಕ್ಕೆ ಬಂದ ಲೈಕನ್ನೂ ನೋಡುತ್ತಾರೆ. ಆಮೇಲೆ ನಾನು ಬರುತ್ತೇನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನು ಒಂದು ಕಾಲು ನೆಲಕ್ಕೆ ಊರಿ ಬಾಟಲಿಗೆ ಕೈ ಹಾಕುವಷ್ಟರಲ್ಲಿ, ‘ಎಲ್ಲರೂ ಬಂದಾಯ್ತಲ್ಲ, ಹೊರಡೋಣ!’

ಲೆಕ್ಕ ಹಾಕಿ ನೋಡಿ. ದಣಿಯದವರಿಗೆ ಕಾಲು ಗಂಟೆ ವಿಶ್ರಾಂತಿ, ಸುಸ್ತಾದವನಿಗೆ ಅರ್ಧ ಗುಟುಕು ನೀರು. ಮುಂದಿನ ನಿಲುಗಡೆಯಲ್ಲೂ ಇದೇ. ಹೀಗಾದರೆ ಹಿಂದಿರುವವನು ಇನ್ನೂ ಹಿಂದೆ ಬೀಳದೆ ಏನಾಗುತ್ತಾನೆ? ಅವರು ಕೆಟ್ಟವರಲ್ಲ. ಕಾದೆವು, ಕರ್ತವ್ಯ ಮುಗಿಯಿತು ಅಂತ ನಿಜವಾಗಿಯೂ ನಂಬಿದ್ದಾರೆ, ಅದೇ ಜಾಸ್ತಿ ಸಿಟ್ಟು ತರಿಸುವುದು. ಕೊನೆಯವನು ಬಂದ ಮೇಲೆ ಐದು ನಿಮಿಷ ನಿಲ್ಲಿ. ನಾನು ಕೇಳುವುದು ಇಷ್ಟೇ.

ಇನ್ನು ‘ಸ್ವೀಪ್’ ಅಂತ ಒಬ್ಬರು ಇರುತ್ತಾರೆ. ಕೊನೆಯವನ ಜೊತೆಗೇ ಬರುವುದು ಅವರ ಕೆಲಸ. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಉಸಿರು ಕಟ್ಟುವುದೇ ಇಲ್ಲ. ನನಗೆ ಹೂಂ ಅನ್ನಲೂ ಆಗದ ಜಾಗದಲ್ಲಿ ಗೃಹಸಾಲದ ಬಡ್ಡಿ ಎಷ್ಟು ಅಂತ ಕೇಳುತ್ತಿದ್ದಾರೆ. ಕೇಳಿಸಿತಾ? ಆ ಸದ್ದು ನಾನು ಕೊಟ್ಟ ಉತ್ತರ.

ಗೇರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂದಿನ ಚಕ್ರದ ಹಲ್ಲುಗಾಲಿ ದೊಡ್ಡದಿದ್ದಷ್ಟೂ ತುಳಿತ ಹಗುರ. ನನ್ನದರಲ್ಲಿ ಅತಿ ದೊಡ್ಡದಕ್ಕೆ 28 ಹಲ್ಲು, ಮುಂದೆ ಹೋದವರದ್ದು 34. ಬಾಡಿಗೆ ಸೈಕಲ್ ಸ್ವಾಮಿ, ಸಿಕ್ಕಿದ್ದೇ ಅದು. ಲಿವರ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿದೆ, ಗೇರ್ ಮಾತ್ರ ಎಂದೋ ಮುಗಿದಿದೆ.

ಈ ತಿರುವನ್ನು ಸ್ವಲ್ಪ ಗಮನಿಸಿ. ನಾವು ಎಡಬದಿಯಲ್ಲಿ ಹತ್ತುವವರು. ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ಒಳಮೈ ನಮ್ಮ ಪಾಲಿಗೆ, ಏರು ಕಡಿದಾಗಿರುವುದು ಅಲ್ಲೇ. ಬಲಕ್ಕೆ ತಿರುಗುವುದರಲ್ಲಿ ಹೊರಮೈ ಸಿಗುತ್ತದೆ, ಅಲ್ಲಿ ಒಂದೆರಡು ಸುತ್ತು ಪೆಡಲ್ ಸಲೀಸು. ಕೊನೆಕೊನೆಗೆ ನಾನು ಬಲ ತಿರುವುಗಳಿಗಾಗಿಯೇ ಬದುಕುತ್ತಿದ್ದೆ. ಹೆಲ್ಮೆಟ್ಟಿನ ಪಟ್ಟಿಯಿಂದ ಇಳಿದ ಬೆವರು ಹ್ಯಾಂಡಲ್ ಮೇಲಿನ ಮೀಟರಿಗೇ ಬೀಳುತ್ತಿದೆ. ನೀರಿನ ಹನಿಯೊಳಗೆ 6 ಅಂತ ಕಾಣುತ್ತಿದೆಯಲ್ಲ, ಅದು ಗಂಟೆಗೆ 6 ಕಿ.ಮೀ. ಇನ್ನೂ ನಿಧಾನ ಮಾಡಿದರೆ ಸೈಕಲ್ ವಾಲುತ್ತದೆ.

ಮಿನಿ ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ‘ಹತ್ತುತ್ತೀರಾ?’ ಅಂದರು. ತಮಾಷೆಗೇ ಇರಬಹುದು. ಸೈಕಲ್ ಇಡಲು ಮೇಲೆ ಜಾಗ ಇದೆಯಾ ಅಂತ ನನ್ನ ಕಣ್ಣು ಹೋಗಿದ್ದು ವಿಡಿಯೊದಲ್ಲೇ ಇದೆ.

ಇಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಬಾಳೆಹಣ್ಣು ಎರಡೂ ಕೆಳಗೇ ಖಾಲಿ. ಸ್ವೀಪ್ ಸುಮ್ನೆ ಒಂದು ಜೆಲ್ ಕೊಟ್ಟರು. ಅಂಟಂಟು, ಸಿಕ್ಕಾಪಟ್ಟೆ ಸಿಹಿ. ಆದರೆ ಕೇಳಿ, ಹತ್ತು ನಿಮಿಷದಲ್ಲಿ ಜೀವ ಬಂತು. ನೂರು ರೂಪಾಯಿ ಜಾಸ್ತಿಯೇನಲ್ಲ ಬಿಡಿ.

ಕಟ್ಟೆ ಮೇಲೆ ಮಂಗಗಳು. ಚಿಕ್ಕಿ ತಿಂದವರು ಯಾರೋ ಇಲ್ಲೂ ನಿಂತಿದ್ದರು ಅನಿಸುತ್ತದೆ. ದಯವಿಟ್ಟು ಅವಕ್ಕೆ ತಿಂಡಿ ಹಾಕಬೇಡಿ, ರಸ್ತೆ ಮಧ್ಯಕ್ಕೇ ಬರುತ್ತವೆ.

ಸೂರ್ಯಾಸ್ತ ನೋಡುವ ಜಾಗ. ನಾವು ಬಂದಿರುವುದು ಬೆಳಿಗ್ಗೆ, ನೋಡಲು ಮಂಜು ಮಾತ್ರ. ಮಳೆಗಾಲದಲ್ಲಾದರೆ ಇಷ್ಟೂ ಕಾಣುವುದಿಲ್ಲ. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಊರಿದು, ಬಟ್ಟೆ ಒಣಗಿಸುವವರ ಕಷ್ಟ ಯೋಚಿಸಿ. ನಮ್ಮ ಚಿಕ್ಕಮ್ಮ ತೀರ್ಥಹಳ್ಳಿ ಕಡೆಯವರು, ಅವರ ಮನೆಯಲ್ಲಿ ಒಲೆಯ ಮೇಲೆ... ಅದಿರಲಿ, ಕ್ಲಿಪ್ ಮುಗಿಯುತ್ತಿದೆ. ಆಗುಂಬೆ ಬಂತು. ಚಪ್ಪಾಳೆ. ‘ಹೊರಡೋಣ್ವಾ?’

ಇಲ್ಲಿ ನಾನು ಬುದ್ಧಿ ಓಡಿಸಿದೆ. ಅವರೆಲ್ಲ ಗುಂಪು ಫೋಟೊಕ್ಕೆ ಬ್ಯಾನರ್ ಬಿಚ್ಚುತ್ತಿದ್ದಾಗ ಕಷಾಯ ಕುಡಿದು ಮೊದಲೇ ಇಳಿಯಲು ಶುರು ಮಾಡಿದೆ. ಬ್ರೇಕನ್ನು ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಹೆಬ್ರಿಯಲ್ಲಿ ಬೊಂಡ ಕುಡಿಯುತ್ತಾ ಕೂತೆ. ಗ್ರೂಪಿನವರು ಬಂದು ಕಾಲೂರುವಷ್ಟರಲ್ಲಿ ‘ಹೊರಡೋಣ್ವಾ?’ ಅಂತ ನಾನೇ ಕೇಳಿದೆ. ಯಾರಿಗೂ ಅರ್ಥವಾಗಲಿಲ್ಲ.

ಪರ್ಕಳದಿಂದ ಮಣಿಪಾಲದ ಏರು, ನಡು ಮಧ್ಯಾಹ್ನ, ನೆರಳಿಲ್ಲ. ಆಗುಂಬೆಗಿಂತ ಇದೇ ಕಷ್ಟ, ಬೇಕಾದರೆ ಬರೆದು ಕೊಡುತ್ತೇನೆ. ಮುಂದಿನ ಸಲ ಬಾಳೆಬರೆ ಘಾಟಿ ಅಂತ ಆಗಲೇ ಮಾತು ಶುರುವಾಗಿದೆ. ನಾನಂತೂ ಬರುವುದಿಲ್ಲ. ನಿಧಾನದವರನ್ನು ಅರ್ಧ ಗಂಟೆ ಮೊದಲೇ ಹೊರಡಿಸಿದರೆ, 34 ಹಲ್ಲಿನ ಸೈಕಲ್ ಬಾಡಿಗೆಗೆ ಸಿಕ್ಕಿದರೆ ನೋಡೋಣ.