ಮರ ಮಾರಿದ್ದೂ ಸರ್ಕಾರ, ಕಡಿಯಬೇಡಿ ಅಂದಿದ್ದೂ ಸರ್ಕಾರ: ಅಮೆರಿಕದ ಕಾಡಿನ ಕರಾರುಗಳ ಕೋರ್ಟ್ ಜಗಳ

[ಸ್ಕ್ರೀನ್ ಮೇಲೆ: ಅರಿಜೋನಾದ ಪೈನ್ ಕಾಡು. ಕೆಲವು ಮರಗಳ ಮೇಲೆ ಬಣ್ಣದ ಗುರುತು.]

ನಮಸ್ಕಾರ. ಒಂದು ಮರದ ಕಂಪನಿ ಸರ್ಕಾರದ ಹರಾಜಿನಲ್ಲಿ ಮರ ಕೊಂಡಿದೆ. ಕರಾರಿಗೆ ಎರಡೂ ಕಡೆಯವರು ಸಹಿ ಹಾಕಿದ್ದಾರೆ. ಕಂಪನಿಯವರು ಕೆಲಸಗಾರರನ್ನು ಗೊತ್ತು ಮಾಡಿಕೊಂಡು, ಆ ಮರ ನಂಬಿಕೊಂಡು ಸಾಮಿಲ್ ನಡೆಸ್ತಾ ಇದ್ದಾರೆ. ಆಗ ಮರ ಮಾರಿದ ಇಲಾಖೆಯಿಂದಲೇ ಒಂದು ಪತ್ರ ಬರುತ್ತದೆ: ಕಡಿಯೋದು ನಿಲ್ಲಿಸಿ. ಕಾರಣ ಏನು ಗೊತ್ತಾ? ಕಾನೂನಿನ ಪ್ರಕಾರ ಇಲಾಖೆ ಮೊದಲೇ ಮಾಡಬೇಕಿದ್ದ ಒಂದು ಕೆಲಸ ಮಾಡಿರಲಿಲ್ಲ, ಅದಕ್ಕೆ ಕೋರ್ಟ್ ತಡೆಯಾಜ್ಞೆ ಕೊಟ್ಟಿದೆ. ಈಗ ಕಂಪನಿಗೆ ಆದ ನಷ್ಟ ಯಾರು ತುಂಬಿಕೊಡಬೇಕು?

ಸುಲಭದ ಪ್ರಶ್ನೆ ಅನಿಸಬಹುದು. ಆದರೆ ಅಮೆರಿಕದ ಕೋರ್ಟುಗಳು ಇದೇ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ಜಗಳ ಕೇಳಿವೆ, ಮತ್ತು ಕೊನೆಗೆ ಕೊಟ್ಟ ಉತ್ತರ ನನಗೆ ಸರಿ ಅನಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ಈ ಮರದ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ನೋಡಬೇಕು.

[ಸ್ಕ್ರೀನ್ ಮೇಲೆ: ಅಮೆರಿಕದ ನಕ್ಷೆ. ರಾಷ್ಟ್ರೀಯ ಅರಣ್ಯಗಳು ಹಸಿರು ಬಣ್ಣದಲ್ಲಿ.]

ಅಮೆರಿಕದಲ್ಲಿ ಸುಮಾರು 19.3 ಕೋಟಿ ಎಕರೆ ಜಾಗವನ್ನು ಫಾರೆಸ್ಟ್ ಸರ್ವಿಸ್ ಅನ್ನೋ ಸಂಸ್ಥೆ ನೋಡಿಕೊಳ್ಳುತ್ತದೆ. 1905ರಲ್ಲಿ ಶುರುವಾದ ಈ ಸಂಸ್ಥೆ ಇರುವುದು ಕೃಷಿ ಇಲಾಖೆಯ ಕೆಳಗೆ. ಅಂದರೆ ಕಾಡನ್ನು ಕಾಯೋದೂ ಅದರ ಕೆಲಸ, ಅಲ್ಲಿಂದ ಮರ ಮಾರೋದೂ ಅದರದ್ದೇ ಕೆಲಸ. ಮರ ಕಡಿಯೋದು ಮಾತ್ರ ಕಂಪನಿಗಳು. ಇಲಾಖೆಯವರು ಒಂದು ಜಾಗ ಆರಿಸುತ್ತಾರೆ, ಯಾವ ಮರ ಹೋಗಬೇಕು ಯಾವುದು ಉಳಿಯಬೇಕು ಅಂತ ಗುರುತು ಮಾಡುತ್ತಾರೆ, ಎಷ್ಟು ನಾಟಾ ಸಿಗಬಹುದು ಅಂತ ಅಂದಾಜು ಹಾಕುತ್ತಾರೆ. ಆಮೇಲೆ ಹರಾಜು. ಅಳತೆಯ ಲೆಕ್ಕ ಬೋರ್ಡ್ ಫೂಟ್‌ನಲ್ಲಿ: ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಅಂದರೆ ಒಂದು ಬೋರ್ಡ್ ಫೂಟ್.

ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕರಾರಿಗೆ ಸಹಿ ಹಾಕಿದ ದಿನವೇ ಮರ ಕಡಿಯಬೇಕು ಅಂತಿಲ್ಲ. ಕೆಲವು ವರ್ಷ ಟೈಮ್ ಇರುತ್ತದೆ. ಹಿಂದೆ ಮುಂಗಡವಾಗಿ ಕಟ್ಟಬೇಕಿದ್ದ ದುಡ್ಡೂ ಕಡಿಮೆ ಇತ್ತು, ಉಳಿದದ್ದು ಕಡಿದಾಗ ಕಟ್ಟಿದರೆ ಸಾಕಿತ್ತು. ಸಹಿಗೂ ಕೊಡಲಿಗೂ ನಡುವೆ ಇರುವ ಈ ವರ್ಷಗಳಲ್ಲೇ ಎಲ್ಲ ಜಗಳ ಹುಟ್ಟೋದು. ಅಷ್ಟರಲ್ಲಿ ಮರದ ರೇಟ್ ಬಿದ್ದುಹೋಗಬಹುದು, ಇಲ್ಲವೇ ಕಾನೂನು ಬದಲಾಗಬಹುದು.

ಮೊದಲು ರೇಟ್ ಬಿದ್ದ ಕಥೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಎಲ್ಲದರ ಬೆಲೆ ಏರುತ್ತಾ ಇತ್ತು, ಮನೆ ಕಟ್ಟೋದೂ ಜೋರಾಗಿತ್ತು. 1978ರಲ್ಲಿ ಒಂದೇ ವರ್ಷಕ್ಕೆ ಸುಮಾರು 20 ಲಕ್ಷ ಹೊಸ ಮನೆಗಳ ಕೆಲಸ ಶುರುವಾಯಿತು. ವಾಷಿಂಗ್ಟನ್, ಒರೆಗಾನ್ ಕಡೆಯ ಕಂಪನಿಗಳು ಇದೇ ಏರಿಕೆ ಮುಂದೆಯೂ ಇರುತ್ತದೆ ಅಂತ ಲೆಕ್ಕ ಹಾಕಿ ಹರಾಜಿನಲ್ಲಿ ಒಬ್ಬರ ಮೇಲೊಬ್ಬರು ಕೂಗಿದರು. ಇವತ್ತಿನ ರೇಟಿಗೆ ನೋಡಿದರೆ ಗಿಟ್ಟೋದಿಲ್ಲ, ಆದರೆ ಕಡಿಯೋ ಹೊತ್ತಿಗೆ ಗಿಟ್ಟುತ್ತದೆ ಅನ್ನೋ ಧೈರ್ಯ.

ಆಗ ಫೆಡರಲ್ ರಿಸರ್ವ್, ಅಂದರೆ ಅಲ್ಲಿನ ಕೇಂದ್ರ ಬ್ಯಾಂಕ್, ಪಾಲ್ ವೋಲ್ಕರ್ ಅಧ್ಯಕ್ಷರಾದ ಮೇಲೆ ಬೆಲೆ ಏರಿಕೆ ತಡೆಯೋಕೆ ಬಡ್ಡಿ ಬಿಗಿ ಮಾಡಿತು. 1981ರ ಅಕ್ಟೋಬರ್‌ನಲ್ಲಿ ಮನೆ ಸಾಲದ ಬಡ್ಡಿ ಶೇಕಡಾ 18 ದಾಟಿತು. ಆ ಬಡ್ಡಿಗೆ ಯಾರು ಮನೆ ಕಟ್ಟುತ್ತಾರೆ ಹೇಳಿ? 1982ರಲ್ಲಿ ಹೊಸ ಮನೆಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸಿಗೆ ಇಳಿಯಿತು. ಮರದ ರೇಟ್ ಕುಸಿಯಿತು. ಕರಾರಿನ ರೇಟಿಗೆ ಮರ ಕಡಿದರೆ ಪ್ರತಿ ಲೋಡಿಗೂ ಲುಕ್ಸಾನು, ಕಡಿಯದೇ ಬಿಟ್ಟರೆ ಕರಾರು ಮುರಿದ ತಪ್ಪು. ಆ ಮರವನ್ನು ಸರ್ಕಾರ ಬೇರೆಯವರಿಗೆ ಕಡಿಮೆ ರೇಟಿಗೆ ಮಾರಿದರೆ ಮಧ್ಯದ ವ್ಯತ್ಯಾಸವನ್ನು ಕಂಪನಿಯೇ ಕಟ್ಟಿಕೊಡಬೇಕು.

ಅಮೆರಿಕದ ಸಂಸತ್ತು 1984ರಲ್ಲಿ ಒಂದು ಕಾನೂನು ಮಾಡಿತು. 1982ಕ್ಕೆ ಮುಂಚೆ ಹರಾಜಿನಲ್ಲಿ ಕೂಗಿದ ಕರಾರುಗಳಲ್ಲಿ ಶೇಕಡಾ 55ರಷ್ಟು ಮರವನ್ನು, ಹೆಚ್ಚೆಂದರೆ 20 ಕೋಟಿ ಬೋರ್ಡ್ ಫೂಟ್ ತನಕ, ಒಂದಿಷ್ಟು ಶುಲ್ಕ ಕಟ್ಟಿ ವಾಪಸ್ ಕೊಡಬಹುದು ಅಂತ. ಬಹಳ ಕಂಪನಿಗಳು ಇದರಿಂದ ಉಸಿರಾಡಿದವು. ಆದರೂ ಕೆಲವು ಕೇಸುಗಳು ಉಳಿದವು. ಅದರಲ್ಲಿ ದೊಡ್ಡದು ಸೀಬೋರ್ಡ್ ಲಂಬರ್ ಕಂಪನಿಯದು. ಅವರ ವಾದ ಇಷ್ಟು: ಬಡ್ಡಿ ಏರಿಸಿದ್ದು ಸರ್ಕಾರ, ಮಾರುಕಟ್ಟೆ ಬಿದ್ದಿದ್ದು ಅದರಿಂದ, ಕರಾರಿನಲ್ಲಿ ನಮ್ಮ ಎದುರು ಪಾರ್ಟಿಯೂ ಸರ್ಕಾರವೇ, ಹಾಗಿದ್ದ ಮೇಲೆ ನಾವು ಕರಾರು ಮುರಿದೆವು ಅಂತ ನೀವು ಹೇಗೆ ಹೇಳುತ್ತೀರಿ?

ಕೇಸು ಎಳೆದೂ ಎಳೆದೂ 2002ರಲ್ಲಿ ಫೆಡರಲ್ ಸರ್ಕ್ಯೂಟ್ ಅನ್ನೋ ಮೇಲ್ಮನವಿ ಕೋರ್ಟಿನಲ್ಲಿ ಮುಗಿಯಿತು. ಕಂಪನಿ ಸೋತಿತು. ರೇಟ್ ಫಿಕ್ಸ್ ಮಾಡಿ ಸಹಿ ಹಾಕಿದ ಮೇಲೆ ರೇಟ್ ಏರಿಳಿತದ ಹೊಣೆ ಕೊಂಡವರದ್ದು ಅಂತ ಕೋರ್ಟ್ ಹೇಳಿತು. ಜೊತೆಗೆ ಒಂದು ಹಳೆಯ ತತ್ವವನ್ನೂ ಮುಂದಿಟ್ಟಿತು. ಸರ್ಕಾರ ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ಏನಾದರೂ ಮಾಡಿದರೆ, ಅದರಿಂದ ತನ್ನದೇ ಒಂದು ಕರಾರಿಗೆ ಪೆಟ್ಟು ಬಿತ್ತು ಅಂತ ಪರಿಹಾರ ಕೊಡಬೇಕಾಗಿಲ್ಲ. ಇದು ಸುಪ್ರೀಂ ಕೋರ್ಟಿನ 1925ರ ಹೊರೋವಿಟ್ಜ್ ತೀರ್ಪಿನಿಂದ ಬಂದದ್ದು. ಅಂಗಡಿ ನಡೆಸೋ ಸರ್ಕಾರ ಬೇರೆ, ದೇಶ ಆಳೋ ಸರ್ಕಾರ ಬೇರೆ, ಇವನು ಮಾಡಿದ್ದಕ್ಕೆ ಅವನನ್ನು ಹಿಡಿಯಬಾರದು ಅನ್ನೋ ಹಾಗೆ.

ಈ ತೀರ್ಪು ನನಗೆ ನ್ಯಾಯ ಅನಿಸುತ್ತದೆ. ಬಡ್ಡಿ ಏರಿದ್ದು ಮನೆ ಕಟ್ಟೋರಿಗೆ, ರೈತರಿಗೆ, ಕಾರು ಕೊಳ್ಳೋರಿಗೆ, ಎಲ್ಲರಿಗೂ. ಅವರ್ಯಾರಿಗೂ ಸರ್ಕಾರ ಪರಿಹಾರ ಕೊಡಲಿಲ್ಲ. ರೇಟ್ ಏರುತ್ತದೆ ಅಂತ ಜೂಜು ಕಟ್ಟಿದವರು ಏರಿದ್ದರೆ ಲಾಭ ಹಂಚಿಕೊಳ್ಳೋಕೆ ಬರುತ್ತಿರಲಿಲ್ಲ, ಅಲ್ವಾ?

[ಸ್ಕ್ರೀನ್ ಮೇಲೆ: ಚುಕ್ಕೆ ಗೂಬೆಯ ಚಿತ್ರ.]

ಎರಡನೇ ಬಗೆಯ ಜಗಳಕ್ಕೆ ಬರೋಣ. ನನ್ನ ತಕರಾರು ಇರುವುದು ಇಲ್ಲೇ.

1987ರಲ್ಲಿ ರಾಷ್ಟ್ರೀಯ ಅರಣ್ಯಗಳಿಂದ ಸುಮಾರು 1,270 ಕೋಟಿ ಬೋರ್ಡ್ ಫೂಟ್ ಮರ ಕಡಿದರು. ಹತ್ತು ವರ್ಷ ಆಗೋದರೊಳಗೆ ಅದು ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯಿತು. ಬಹಳ ಹಳೆಯ ಕಾಡುಗಳಲ್ಲಿ ಬದುಕುವ ಪ್ರಾಣಿ ಪಕ್ಷಿಗಳು ಅಳಿಯುತ್ತಿವೆ ಅನ್ನೋದು ಎಲ್ಲರಿಗೂ ಕಾಣೋ ಹಾಗಾಗಿತ್ತು. 1990ರಲ್ಲಿ ಉತ್ತರದ ಚುಕ್ಕೆ ಗೂಬೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. 1992ರಲ್ಲಿ ಮಾರ್ಬಲ್ಡ್ ಮರ‍್ರೆಲೆಟ್ ಅನ್ನೋ ಕಡಲ ಹಕ್ಕಿಯನ್ನು, 1993ರಲ್ಲಿ ಮೆಕ್ಸಿಕನ್ ಚುಕ್ಕೆ ಗೂಬೆಯನ್ನು. ಈ ಮರ‍್ರೆಲೆಟ್ ಮೀನು ಹಿಡಿಯೋದು ಸಮುದ್ರದಲ್ಲಿ, ಮೊಟ್ಟೆ ಇಡೋದು ಮಾತ್ರ ಎಷ್ಟೋ ಮೈಲಿ ಒಳಗಿರುವ ಹಳೇ ಮರದ ಕೊಂಬೆಯ ಮೇಲೆ. ಮರ ಹೋದರೆ ಹಕ್ಕಿಯೂ ಹೋಯಿತು. ಕಡಿಯೋದು ಕಡಿಮೆ ಆಗಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಅಷ್ಟು ಹೊತ್ತಿಗೆ ಮಾರಿ ಆಗಿದ್ದ ಮರಗಳ ಕಥೆ ಏನು?

ಹಿಂದೆ ಇಂಥದ್ದರಲ್ಲಿ ಸರ್ಕಾರ ಸೋತಿತ್ತು. 1981ರ ಎವರೆಟ್ ಪ್ಲೈವುಡ್ ಕೇಸಿನಲ್ಲಿ, ಕಾಡಿಗೆ ಹಾನಿ ಆಗುತ್ತದೆ ಅಂತ ಇಲಾಖೆ ಕರಾರು ರದ್ದು ಮಾಡಿದ್ದು ಕರಾರು ಮುರಿದಂತೆಯೇ ಅಂತ ಕೋರ್ಟ್ ಹೇಳಿತ್ತು. ಮುಂದಿನ ಕರಾರುಗಳಲ್ಲಿ ನೀವು ನೋಡೋದು ಸಿ6.01 ಅನ್ನೋ ಷರತ್ತು. ಪರಿಸರಕ್ಕೆ ದೊಡ್ಡ ಹಾನಿ ತಪ್ಪಿಸೋಕೆ ಅಥವಾ ಕೋರ್ಟ್ ಆದೇಶ ಪಾಲಿಸೋಕೆ ಇಲಾಖೆ ಬರೆದು ಕೇಳಿದರೆ ಕಂಪನಿ ಕೆಲಸ ನಿಲ್ಲಿಸಬೇಕು. ಬದಲಿಗೆ ಏನು ಸಿಗುತ್ತದೆ? ಕಳೆದುಹೋದ ದಿನಗಳನ್ನು ಕರಾರಿಗೆ ಸೇರಿಸಿಕೊಡುತ್ತಾರೆ, ಮತ್ತು ನಿಲ್ಲಿಸಿದ್ದರಿಂದ ಕೈಯಿಂದ ನೇರವಾಗಿ ಹೋದ ಖರ್ಚು ಕೊಡುತ್ತಾರೆ. ಬರಬೇಕಿದ್ದ ಲಾಭ ಸಿಗೋದಿಲ್ಲ. ಮರ ಇಲ್ಲದೆ ಸಾಮಿಲ್ ನಿಂತರೆ ನಿಜವಾದ ನಷ್ಟ ಆ ಲಾಭದಲ್ಲೇ ಇರೋದು.

ಅರಿಜೋನಾದಲ್ಲಿ ಪ್ರಿಸಿಷನ್ ಪೈನ್ ಅಂಡ್ ಟಿಂಬರ್ ಅನ್ನೋ ಕಂಪನಿ ಇತ್ತು. ಮೆಕ್ಸಿಕನ್ ಚುಕ್ಕೆ ಗೂಬೆ ಪಟ್ಟಿಗೆ ಸೇರಿದ ಮೇಲೆ ಫಾರೆಸ್ಟ್ ಸರ್ವಿಸ್ ಒಂದು ಕೆಲಸ ಮಾಡಬೇಕಿತ್ತು: ತನ್ನ ಅರಣ್ಯ ಯೋಜನೆಗಳಿಂದ ಗೂಬೆಗೆ ಏನಾಗುತ್ತದೆ ಅಂತ ವನ್ಯಜೀವಿ ಇಲಾಖೆಯ ಜೊತೆ ಕೂತು ಚರ್ಚಿಸಬೇಕಿತ್ತು. ಅಪಾಯದಲ್ಲಿರುವ ಜೀವಿಗಳ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಇಲಾಖೆ ಅದನ್ನು ಸರಿಯಾಗಿ ಮಾಡಲಿಲ್ಲ, ಮರ ಮಾರೋದು ಮಾತ್ರ ನಡೆದೇ ಇತ್ತು. ಪರಿಸರದ ಪರ ಇರುವವರು ಕೋರ್ಟಿಗೆ ಹೋದರು. 1995ರ ಆಗಸ್ಟ್‌ನಲ್ಲಿ ತಡೆಯಾಜ್ಞೆ ಬಂತು, ಕಂಪನಿಯ ಕರಾರುಗಳು ನಿಂತವು. ಮತ್ತೆ ಶುರುವಾಗಿದ್ದು 1996ರ ಡಿಸೆಂಬರ್‌ನಲ್ಲಿ. ನಡುವೆ 16 ತಿಂಗಳು.

ಇಂಥ ಕೇಸು ಕಂಪನಿ ನೇರವಾಗಿ ಕೋರ್ಟಿಗೆ ಒಯ್ಯೋ ಹಾಗಿಲ್ಲ. 1978ರ ಕರಾರು ವಿವಾದ ಕಾನೂನಿನ ಪ್ರಕಾರ ಮೊದಲು ಇಲಾಖೆಯ ಕರಾರು ಅಧಿಕಾರಿಗೇ ಅರ್ಜಿ ಕೊಡಬೇಕು, ಅವರ ತೀರ್ಮಾನ ಬಂದ ಮೇಲೆ 12 ತಿಂಗಳ ಒಳಗೆ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಹೋಗಬೇಕು. ಅಲ್ಲಿ ಜ್ಯೂರಿ ಇರುವುದಿಲ್ಲ, ಜಡ್ಜ್ ಒಬ್ಬರೇ ತೀರ್ಮಾನ ಮಾಡುತ್ತಾರೆ. ಪ್ರಿಸಿಷನ್ ಪೈನ್ ಆ ಕೋರ್ಟಿನಲ್ಲಿ ಗೆದ್ದಿತು. ಪ್ರತಿ ಕರಾರಿನಲ್ಲೂ ಬರೆಯದೇ ಇದ್ದರೂ ಇರುವ ಒಂದು ಕರ್ತವ್ಯ ಇದೆ, ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬರಬಾರದು, ಇಲಾಖೆ ತನ್ನ ಕಾನೂನು ಕೆಲಸ ಮಾಡದೆ ಅದನ್ನು ಮುರಿದಿದೆ ಅಂತ ಕೋರ್ಟ್ ಹೇಳಿತು. ಕಳೆದುಹೋದ ಲಾಭಕ್ಕೆ ಅಂತ 30 ಲಕ್ಷ ಡಾಲರ್‌ಗೂ ಜಾಸ್ತಿ ಪರಿಹಾರ ಕೊಡಿಸಿತು.

2010ರಲ್ಲಿ ಮೇಲ್ಮನವಿ ಕೋರ್ಟ್ ಈ ಮುಖ್ಯ ಭಾಗವನ್ನೇ ತಳ್ಳಿಹಾಕಿತು. ಸರ್ಕಾರದ ನಡವಳಿಕೆ ಬೇಕಂತಲೇ ಈ ಕರಾರನ್ನು ಗುರಿ ಮಾಡಿ, ಕಂಪನಿಗೆ ಸಿಗಬೇಕಿದ್ದನ್ನು ತಾನು ವಾಪಸ್ ಕಿತ್ತುಕೊಳ್ಳೋ ಥರ ಇರಲಿಲ್ಲ ಅಂದಿತು. ಚರ್ಚೆ ಮಾಡಬೇಕು ಅನ್ನೋ ಹೊಣೆ ಇಲಾಖೆಗೆ ಇದ್ದದ್ದು ಕಾನೂನಿನಿಂದ, ಕಂಪನಿಗೆ ಅದು ಕೊಟ್ಟ ಮಾತಲ್ಲ. ಕೆಲಸ ನಿಲ್ಲಿಸಬಹುದು ಅಂತ ಕರಾರಿನಲ್ಲೇ ಬರೆದಿತ್ತು, ಕಂಪನಿ ಓದಿಯೇ ಸಹಿ ಹಾಕಿತ್ತು. ಅಲ್ಲಿಗೆ ಮುಗಿಯಿತು.

ನಾನು ಒಪ್ಪದೇ ಇರೋದು ಇಲ್ಲಿ. ಬಡ್ಡಿ ಏರಿದಾಗ ಸರ್ಕಾರ ಇಡೀ ದೇಶಕ್ಕಾಗಿ ಒಂದು ತೀರ್ಮಾನ ತೆಗೆದುಕೊಂಡಿತ್ತು. ಗೂಬೆಯ ವಿಷಯದಲ್ಲಿ ಹಾಗಲ್ಲ. ಗೂಬೆ ಪಟ್ಟಿಗೆ ಸೇರಿದ್ದರಿಂದ ಕಂಪನಿಗೆ ನಷ್ಟ ಆಗಿದ್ದರೆ ನಾನು ಸರ್ಕಾರದ ಪರವೇ ನಿಲ್ಲುತ್ತಿದ್ದೆ. ಆದರೆ ಇಲ್ಲಿ ತಡೆಯಾಜ್ಞೆ ಬಂದಿದ್ದು ಮರ ಮಾರಿದ ಇಲಾಖೆಯೇ ಕಾನೂನು ಪಾಲಿಸಲಿಲ್ಲ ಅನ್ನೋ ಕಾರಣಕ್ಕೆ. ಗೂಬೆಯ ಬಗ್ಗೆ ಚರ್ಚೆ ಆಗಿದೆಯಾ ಇಲ್ಲವಾ ಅಂತ ಇಲಾಖೆಗೆ ಗೊತ್ತಿತ್ತು, ಆಗದಿದ್ದರೆ ಮಾಡಿ ಮುಗಿಸೋ ಶಕ್ತಿಯೂ ಇಲಾಖೆಗೇ ಇತ್ತು. ಕಂಪನಿಗೆ ಎರಡೂ ಇರಲಿಲ್ಲ. ತಪ್ಪು ತಡೆಯೋಕೆ ಸಾಧ್ಯ ಇದ್ದವರು ಸುಮ್ನೆ ಕೂತು, ಏನೂ ಮಾಡೋಕೆ ಆಗದವರು ದುಡ್ಡು ಕಳೆದುಕೊಳ್ಳೋದು ಅಂದರೆ ಮುಂದಿನ ಸಲವೂ ಇಲಾಖೆಗೆ ಆ ಕೆಲಸ ಸರಿಯಾಗಿ ಮಾಡೋ ತುರ್ತು ಇರುವುದಿಲ್ಲ. ಇದರಿಂದ ಗೂಬೆಗೂ ಲಾಭ ಇಲ್ಲ.

ಮತ್ತೆ ಹಾಗೇ ಆಯಿತು ಕೂಡ. ಒರೆಗಾನ್‌ನಲ್ಲಿ ಸ್ಕಾಟ್ ಟಿಂಬರ್ ಅನ್ನೋ ಕಂಪನಿ. ಇವರ ಒಂದು ಹಳೇ ಕೇಸಿನಲ್ಲಿ, ಮರ‍್ರೆಲೆಟ್ ಹಕ್ಕಿಗೆ ಸಂಬಂಧಪಟ್ಟದ್ದು, 2003ರಲ್ಲಿ ಕೋರ್ಟ್ ಒಂದು ಒಳ್ಳೆ ಮಾತು ಹೇಳಿತ್ತು: ನಿಲ್ಲಿಸೋ ಹಕ್ಕು ಇಲಾಖೆಗೆ ಇದೆ, ಆದರೆ ಅದನ್ನು ಹಿತಮಿತವಾಗಿ ಬಳಸಬೇಕು, ಬೇಕಾದಷ್ಟು ಕಾಲ ಎಳೆಯೋ ಹಾಗಿಲ್ಲ. ಎರಡನೇ ಕೇಸು ಕೆಂಪು ಮರ ಇಲಿಯದು. ಡಗ್ಲಸ್ ಫರ್ ಮರದ ಸೂಜಿ ಎಲೆ ತಿಂದು, ಮರದ ಮೇಲೇ ಬದುಕೋ ಪುಟ್ಟ ಪ್ರಾಣಿ ಇದು. ಮರ ಮಾರೋ ಮುಂಚೆ ಇದು ಎಲ್ಲೆಲ್ಲಿದೆ ಅಂತ ಹುಡುಕಬೇಕು ಅನ್ನೋ ನಿಯಮ ವಾಯವ್ಯದ ಕಾಡುಗಳಿಗೆ 1994ರಲ್ಲಿ ಮಾಡಿದ ಯೋಜನೆಯಲ್ಲೇ ಇತ್ತು. ಇಲಾಖೆ ಸರಿಯಾಗಿ ಹುಡುಕಿಲ್ಲ ಅಂತ ಬೇರೆಯವರು ಹಾಕಿದ ಕೇಸು ನಡೀತಾ ಇರುವಾಗಲೇ ಇಲಾಖೆ ಸ್ಕಾಟ್ ಕಂಪನಿಗೆ ಮರ ಕೊಟ್ಟಿತು. 1999ರಲ್ಲಿ ಜಡ್ಜ್ ವಿಲಿಯಂ ಡ್ವಯರ್ ಇಲಾಖೆಯ ವಿರುದ್ಧ ತೀರ್ಪು ಕೊಟ್ಟರು. ಕಡಿಯೋದು ನಿಂತಿತು. ಕಂಪನಿ ಕೆಳಗಿನ ಕೋರ್ಟಿನಲ್ಲಿ ಗೆದ್ದಿತು, 2012ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತಿತು. ಆಧಾರ ಮಾಡಿಕೊಂಡದ್ದು ಪ್ರಿಸಿಷನ್ ಪೈನ್ ತೀರ್ಪನ್ನೇ.

ಎಲ್ಲ ಕಂಪನಿಗಳೂ ಹೀಗೇ ಬರಿಗೈಲಿ ಹೋದವು ಅಂತಲ್ಲ. ಅಲಾಸ್ಕಾದ ಟಾಂಗಾಸ್ ಅರಣ್ಯದಲ್ಲಿ ಕೆಚಿಕನ್ ಪಲ್ಪ್ ಕಂಪನಿಗೆ 1951ರಲ್ಲಿ 50 ವರ್ಷದ ಕರಾರು ಕೊಟ್ಟಿದ್ದರು. 1990ರಲ್ಲಿ ಸಂಸತ್ತು ಒಂದು ಕಾನೂನು ಮಾಡಿ ಆ ಕರಾರಿನ ಷರತ್ತುಗಳನ್ನು ಒಂದೇ ಕಡೆಯಿಂದ ಬದಲಾಯಿಸಿತು. ಆ ಜಗಳ 1997ರಲ್ಲಿ ರಾಜಿಯಲ್ಲಿ ಮುಗಿಯಿತು, ಕಂಪನಿಗೆ 14 ಕೋಟಿ ಡಾಲರ್ ಸಿಕ್ಕಿತು. ಅಷ್ಟು ದೊಡ್ಡ ಮೊತ್ತ ಒಂದು ಕಡೆ, ಸಣ್ಣ ಕರಾರಿನವರಿಗೆ ಕೈಯಿಂದ ಹೋದ ಖರ್ಚು ಮಾತ್ರ ಇನ್ನೊಂದು ಕಡೆ. ಇದು ನನಗೆ ಬೇಜಾರಾಗೋ ವಿಷಯ.

ಏನು ಬದಲಾಗಬೇಕು ಅಂತ ಕೇಳಿದರೆ, ನನ್ನ ಪ್ರಕಾರ ಕರಾರಿನ ಷರತ್ತಿನಲ್ಲೇ ಎರಡು ಬಗೆ ಮಾಡಬೇಕು. ಹೊಸ ಜೀವಿ ಪಟ್ಟಿಗೆ ಸೇರಿತು, ಬೆಂಕಿ ಬಿತ್ತು, ಕಾನೂನು ಬದಲಾಯಿತು ಅಂದರೆ ಈಗಿನ ಹಾಗೇ ಖರ್ಚು ಮತ್ತು ಟೈಮ್ ಕೊಟ್ಟರೆ ಸಾಕು. ಇಲಾಖೆ ತನ್ನ ಕೆಲಸ ಮಾಡಿಲ್ಲ ಅಂತ ಕೋರ್ಟೇ ಹೇಳಿ ನಿಲ್ಲಿಸಿದರೆ ಮಾತ್ರ ಪೂರ್ತಿ ನಷ್ಟ ಇಲಾಖೆಯೇ ತುಂಬಬೇಕು. ಹರಾಜಿನ ನೋಟಿಸಿನಲ್ಲೇ ಈ ಜಾಗದ ಮೇಲೆ ಯಾವ ಕೇಸು ನಡೀತಾ ಇದೆ ಅಂತ ದೊಡ್ಡದಾಗಿ ಬರೆಯಬೇಕು. ಆಮೇಲೆ ಎಷ್ಟು ಕೂಗಬೇಕು ಅನ್ನೋದು ಕಂಪನಿಗೆ ಬಿಟ್ಟಿದ್ದು.

[ಸ್ಕ್ರೀನ್ ಮೇಲೆ: ಫೆಡರಲ್ ಸರ್ಕ್ಯೂಟ್ ಕೋರ್ಟಿನ ಕಟ್ಟಡ.]

ಕೋರ್ಟಿನ ಕಡೆಯಿಂದಲೂ ಸ್ವಲ್ಪ ಬಾಗಿಲು ತೆರೆದಿದೆ. 2014ರಲ್ಲಿ ಮೆಟ್‌ಕಾಫ್ ಅನ್ನೋ ಕಟ್ಟಡ ಕಂಪನಿಯ ಕೇಸು ಬಂತು, ಹವಾಯಿಯಲ್ಲಿ ನೌಕಾಪಡೆಯವರಿಗೆ ಮನೆ ಕಟ್ಟಿಕೊಡೋ ಕರಾರಿನ ಜಗಳ. ಬೇಕಂತಲೇ ಗುರಿ ಮಾಡಿದ್ದನ್ನು ತೋರಿಸಲೇಬೇಕು ಅಂತ ಪ್ರಿಸಿಷನ್ ಪೈನ್ ತೀರ್ಪು ಎಲ್ಲ ಕೇಸಿಗೂ ಹೇಳಿಲ್ಲ, ಕೆಳಗಿನ ಕೋರ್ಟ್ ಅದನ್ನು ತಪ್ಪಾಗಿ ಓದಿದೆ, ಸರ್ಕಾರ ಈ ಕರ್ತವ್ಯ ಮುರಿಯೋಕೆ ಬೇರೆ ದಾರಿಗಳೂ ಇವೆ ಅಂತ ಅದೇ ಮೇಲ್ಮನವಿ ಕೋರ್ಟ್ ಹೇಳಿತು. ಇಲಾಖೆಯೇ ಕಾನೂನು ತಪ್ಪಿ ತಡೆಯಾಜ್ಞೆ ತಂದುಕೊಂಡರೆ ಅದು ಆ ಬೇರೆ ದಾರಿಗಳಲ್ಲಿ ಒಂದಾ ಅನ್ನೋ ಪ್ರಶ್ನೆಯನ್ನು ಮರದ ಕಂಪನಿಯ ವಕೀಲರು ಈಗ ಮೆಟ್‌ಕಾಫ್ ತೀರ್ಪು ಮುಂದಿಟ್ಟುಕೊಂಡು ಮತ್ತೆ ಕೇಳಬಹುದು.